ಬೇಸ್ ಗಿಟಾರ್‌ನ ಮಂದ್ರವನ್ನು ನುಂಗದ ಓವರ್‌ಡ್ರೈವ್

ಪ್ರಶ್ನೆ: ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಿಂದ ಬಿಡಿಭಾಗಗಳನ್ನು ತಂದು, ಟ್ಯೂಬ್ ಸ್ಕ್ರೀಮರ್ ಎಂಬ ಹೆಸರಾಂತ ಗಿಟಾರ್ ಪೆಡಲ್‌ನ ನಕ್ಷೆಯಂತೆ, ನಾದವನ್ನು ಒರಟಾಗಿಸುವ ಓವರ್‌ಡ್ರೈವ್ ಪೆಡಲ್ ಒಂದನ್ನು ಜೋಡಿಸಿದ್ದೇನೆ. ಪೆಡಲ್ ಒತ್ತಿದ ಕೂಡಲೇ ನಾದ ಒರಟಾಗುತ್ತದೆ, ಆದರೆ ಮಂದ್ರಸ್ವರಗಳು ಸೊರಗಿಹೋಗುತ್ತವೆ. ಕೆಪಾಸಿಟರ್ ಒಂದನ್ನು ದೊಡ್ಡದು ಮಾಡಿದರೆ ಸಾಕೆಂದು ಗೆಳೆಯರು ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಜೋಡಣೆಯಲ್ಲಿ ತಪ್ಪಿರುವಂತೆ ಕಾಣುವುದಿಲ್ಲ; ಆ ನಕ್ಷೆ ರೂಪುಗೊಂಡಿರುವುದೇ ಸಾಮಾನ್ಯ ಗಿಟಾರ್‌ಗಾಗಿ. ಸಿಗ್ನಲನ್ನು ವರ್ಧಿಸಿ ಒರಟಾಗಿಸುವ ಡ್ರೈವ್ ಹಂತದಲ್ಲಿ 4.7 ಕಿಲೋಓಮ್ ರೆಸಿಸ್ಟರಿನೊಂದಿಗೆ ಸರಣಿಯಲ್ಲಿರುವ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಅಂದರೆ ಮೈಮೇಲೆ 473 ಎಂದು ಅಚ್ಚಾಗಿರುವುದು, ಸುಮಾರು 720 ಹರ್ಟ್ಸ್‌ಗಿಂತ ಕೆಳಗಿಳಿದಂತೆಲ್ಲ ವರ್ಧನೆಯನ್ನು ತಗ್ಗಿಸುತ್ತ ಹೋಗುತ್ತದೆ. ಡ್ರೈವ್ ಪೂರ್ತಿ ತಿರುಗಿಸಿದಾಗ, ಡಯೋಡ್‌ಗಳು ಸಿಗ್ನಲಿನ ತುದಿಗಳನ್ನು ಕತ್ತರಿಸಿ ಒರಟಾಗಿಸುವ ಮುನ್ನ, ಮೇಲಿನ ಸ್ವರಗಳಿಗೆ ನೂರು ಪಟ್ಟು ವರ್ಧನೆ ದೊರೆತರೆ, ಬೇಸ್‌ನ ದಪ್ಪ 'ಇ' ತಂತಿಯ 41 ಹರ್ಟ್ಸ್‌ಗೆ ಏಳು ಪಟ್ಟೂ ದೊರೆಯುವುದಿಲ್ಲ.

ಅಲ್ಲಿ 0.47 ಮೈಕ್ರೋಫ್ಯಾರಡ್ ಹಾಕಿದರೆ ಗಡಿ 72 ಹರ್ಟ್ಸ್‌ಗೆ ಇಳಿದು ಮಂದ್ರ ಮರಳುತ್ತದೆ, ನಿಜ. ಆದರೆ ಆಗ ಬಲವಾದ ಮಂದ್ರಸ್ವರವೇ ಡಯೋಡ್‌ಗಳನ್ನು ಆಳತೊಡಗಿ, ಬೆರಳಿನ ಹೊಡೆತದ ಸ್ಪಷ್ಟತೆಯೂ, ಎರಡು ತಂತಿಗಳನ್ನು ಒಟ್ಟಿಗೆ ಮೀಟಿದಾಗಿನ ಸ್ವರಭೇದವೂ ಕಲಸಿಹೋಗುತ್ತವೆ. ಆದ್ದರಿಂದ ಕೆಪಾಸಿಟರನ್ನು 0.1ಕ್ಕೆ ಮಾತ್ರ ಏರಿಸಿ, ಮಂದ್ರವನ್ನು ಬೇರೊಂದು ದಾರಿಯಿಂದ ತರುವುದೇ ಮೇಲೆಂದು ನಾನು ದೃಢವಾಗಿ ನಂಬುತ್ತೇನೆ. ಅಂಗಡಿಯಲ್ಲಿ ಅದರ ಗುರುತಾದ 104 ಎಂದು ಕೇಳುವಾಗ, ಸೆರಾಮಿಕ್ ಬಿಲ್ಲೆಯ ಬದಲು ಪಾಲಿಯೆಸ್ಟರ್ ಫಿಲ್ಮಿನದ್ದೇ ಬೇಕೆಂದು ಹೇಳಿ.

ಆ ದಾರಿಯೇ ಬ್ಲೆಂಡ್, ಅಂದರೆ ಮೂಲ ನಾದವನ್ನೂ ಒರಟು ನಾದವನ್ನೂ ಬೆರೆಸುವುದು. ಇನ್‌ಪುಟ್ ಬಫರ್ (ಮುಂದಿನ ಹಂತದ ಹೊರೆ ಸಿಗ್ನಲಿಗೆ ತಟ್ಟದಂತೆ ತಡೆಯುವ ಭಾಗ) ದಾಟಿದ ಕೂಡಲೇ ಸಿಗ್ನಲನ್ನು ಎರಡು ಕವಲಾಗಿಸಿ, ಒಂದನ್ನು ಡ್ರೈವ್ ಹಂತಕ್ಕೂ ಇನ್ನೊಂದನ್ನು ಯಾವ ಮಾರ್ಪಾಡೂ ಇಲ್ಲದೆ ಮುಂದಕ್ಕೂ ಕಳುಹಿಸಿ, ಕೊನೆಯಲ್ಲಿ 100 ಕಿಲೋಓಮ್ ಪಾಟ್‌ನ (ತಿರುಗಿಸಿ ಬದಲಿಸುವ ರೆಸಿಸ್ಟರಿನ) ಎರಡು ತುದಿಗಳಲ್ಲಿ ಕೂಡಿಸಬೇಕು. ಎರಡೂ ಕವಲುಗಳು ಆಪ್-ಆಂಪ್ (ವರ್ಧಕ ಚಿಪ್) ಬಫರ್ ಮೂಲಕವೇ ಪಾಟ್ ತಲುಪಲಿ; ಇಲ್ಲವಾದರೆ ಬ್ಲೆಂಡ್ ತಿರುಗಿಸಿದಾಗ ಟೋನ್ ಮತ್ತು ವಾಲ್ಯೂಮ್‌ಗಳೂ ಜೊತೆಗೇ ಅಲುಗಾಡುತ್ತವೆ.

ಇಲ್ಲಿ ಹೆಚ್ಚಿನವರು ಎಡವುವುದು ಧ್ರುವತೆಯಲ್ಲಿ, ಅಂದರೆ ಸಿಗ್ನಲಿನ ಅಲೆ ನೇರವಾಗಿದೆಯೋ ತಲೆಕೆಳಗಾಗಿದೆಯೋ ಎಂಬುದರಲ್ಲಿ. ಟ್ಯೂಬ್ ಸ್ಕ್ರೀಮರ್ ಸಿಗ್ನಲನ್ನು ತಲೆಕೆಳಗು ಮಾಡುವುದಿಲ್ಲ. ಆದರೆ ನೀವು ಹೊಸದಾಗಿ ಸೇರಿಸುವ ಆಪ್-ಆಂಪ್ ಒಂದೇ ಕವಲಿನಲ್ಲಿದ್ದು ಸಿಗ್ನಲನ್ನು ತಿರುಗಿಸುವಂಥದ್ದಾದರೆ, ಕೂಡುವಲ್ಲಿ ಮಂದ್ರಗಳು ಒಂದನ್ನೊಂದು ಅಳಿಸಿಬಿಡುತ್ತವೆ. ಪರೀಕ್ಷಿಸಲು 'ಇ' ತಂತಿಯನ್ನು ಮೀಟುತ್ತ ಬ್ಲೆಂಡನ್ನು ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ತಿರುಗಿಸಿ. ನಡುವೆ ನಾದವು ಎರಡು ತುದಿಗಳಲ್ಲಿರುವುದಕ್ಕಿಂತಲೂ ತೆಳುವಾದರೆ, ಧ್ರುವತೆ ತಿರುಗಿದೆ ಎಂದರ್ಥ.