ಹಿತ್ತಲಿಗೆ ಬರುವ ಹಕ್ಕಿಗಳು ಮಂಕಾಗಿವೆ, ಕಾಳು ಬದಲಿಸಬೇಕೆ?

ಕಾಳು ಬದಲಿಸುವ ಮೊದಲು ತಟ್ಟೆಯನ್ನು ನೋಡಿ. ನೀವು ಬರೆದಂತೆ ಒಂದೆರಡು ಹಕ್ಕಿಗಳು ಗರಿ ಉಬ್ಬಿಸಿಕೊಂಡು, ಹತ್ತಿರ ಹೋದರೂ ಹಾರದೆ ಕೂತಿದ್ದರೆ ಅದು ಬಹುತೇಕ ಕಾಯಿಲೆಯೇ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹರಡುವುದು ಹಿಕ್ಕೆ ಬಿದ್ದ ಕಾಳಿನಿಂದ. ಟ್ರೈಕೊಮೊನಾಸ್ ಎಂಬ ಪರೋಪಜೀವಿ ಎಂಜಲು ತಾಗಿದ ಕಾಳು, ನೀರಿನ ಮೂಲಕ ದಾಟುತ್ತದೆ. ಅದು ತಗುಲಿದ ಹಕ್ಕಿಗೆ ಗಂಟಲು ಕಟ್ಟಿ, ನುಂಗಲಾಗದೆ ಕಾಳು ಕೊಕ್ಕಿನಿಂದ ಉದುರುತ್ತಿರುತ್ತದೆ. ಯಾವುದೇ ಆಗಿರಲಿ, ಇವತ್ತೇ ಕಾಳು, ನೀರು ಎರಡನ್ನೂ ತೆಗೆದು ಕನಿಷ್ಠ ಎರಡು ವಾರ ನಿಲ್ಲಿಸಿ. ಹಸಿದು ಸತ್ತಾವೆಂದು ಮರುಗಬೇಡಿ, ಅವು ಮೇಯುವ ಹತ್ತು ಕಡೆಗಳಲ್ಲಿ ನಿಮ್ಮ ಹಿತ್ತಲೂ ಒಂದು, ಅಷ್ಟೇ. ಈಗ ಬೇಕಿರುವುದು ಆ ಗುಂಪು ಚದುರುವುದು.

ತೊಳೆಯುವಾಗ ಹೆಚ್ಚಿನವರು ನೇರವಾಗಿ ಬ್ಲೀಚ್ ಸುರಿಯುತ್ತಾರೆ. ಕೊಳೆ ಅಂಟಿಕೊಂಡಿದ್ದರೆ ಬ್ಲೀಚ್‌ನ ಶಕ್ತಿಯೆಲ್ಲ ಅದರಲ್ಲೇ ಮುಗಿದುಹೋಗುತ್ತದೆ. ಮೊದಲು ಬಿಸಿನೀರು, ಸೋಪು ಹಾಕಿ ಬ್ರಷ್‌ನಿಂದ ಉಜ್ಜಿ. ಆಮೇಲೆ ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ 10 ನಿಮಿಷ ನೆನೆಸಿ, ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿದ ಮೇಲಷ್ಟೇ ಕಾಳು ತುಂಬಿ. ಒದ್ದೆ ಉಳಿದರೆ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಬ್ಲೀಚ್ ಜೊತೆ ವಿನೆಗರ್ ಅಥವಾ ಬೇರೆ ಕ್ಲೀನರ್ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಅಡುಗೆಮನೆಯ ಸಿಂಕ್ ಬೇಡ, ಕೈಗವಸು ಇರಲಿ. ಕಾಯಿಲೆ ಇಲ್ಲದ ದಿನಗಳಲ್ಲೂ ಎರಡು ವಾರಕ್ಕೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ ತೊಳೆಯಬೇಕು.

ಮತ್ತೆ ಶುರು ಮಾಡುವಾಗ ಅಗಲ ತಟ್ಟೆಯನ್ನೇ ಬಿಟ್ಟುಬಿಡಿ ಎನ್ನುತ್ತೇನೆ. ಅದರಲ್ಲಿ ಹಕ್ಕಿಗಳು ಕಾಳಿನ ಮೇಲೆ ನಿಂತೇ ತಿನ್ನುತ್ತವೆ, ಹಿಕ್ಕೆಯೂ ಅಲ್ಲೇ. ಕೊಳವೆ ಆಕಾರದ ಫೀಡರ್ ಎಷ್ಟೋ ವಾಸಿ. ಒಂದೇ ದೊಡ್ಡದರ ಬದಲು ಎರಡು ಚಿಕ್ಕವನ್ನು ದೂರ ದೂರ ತೂಗುಹಾಕಿ. ಸಂಜೆಗೆ ಖಾಲಿಯಾಗುವಷ್ಟೇ ಹಾಕಿ. ಉಳಿದದ್ದಕ್ಕೆ ರಾತ್ರಿ ಇಲಿಗಳು ಬರುತ್ತವೆ. ಕೆಳಗೆ ಬಿದ್ದ ಹೊಟ್ಟನ್ನೂ ಗುಡಿಸಿ. ಫೀಡರ್ ಥಳಥಳ ಹೊಳೆಯುತ್ತಿದ್ದು ನೆಲದಲ್ಲಿ ಕೊಳೆತ ಕಾಳಿನ ರಾಶಿಯಿದ್ದರೆ ತೊಳೆದದ್ದು ವ್ಯರ್ಥ.

ಕಾಳಿನ ವಿಷಯಕ್ಕೆ ಬಂದರೆ ಸೂರ್ಯಕಾಂತಿ ಬೀಜ, ನವಣೆ, ಸಜ್ಜೆ ಸಾಕು. ಶೇಂಗಾ ಕೊಡುವುದಾದರೆ ಉಪ್ಪಿಲ್ಲದ್ದು, ಬೂಷ್ಟಿಲ್ಲದ್ದು ಇರಲಿ. ಶೇಂಗಾದ ಬೂಷ್ಟಿನಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ಯಕೃತ್ತನ್ನು ಕೆಡಿಸುತ್ತದೆ. ಮರಿಗಳ ಕಾಲದಲ್ಲಿ ಇಡೀ ಶೇಂಗಾ ಬೀಜ ಬೇಡ, ತಾಯಿಹಕ್ಕಿ ಹಾಗೇ ಒಯ್ದು ಉಣಿಸಿದರೆ ಮರಿಯ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಬ್ರೆಡ್ಡಿನಿಂದ ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗದು. ಹಾಲು ಅವಕ್ಕೆ ಜೀರ್ಣವಾಗುವುದಿಲ್ಲ.

ನೀರಿನ ಪಾತ್ರೆ 2ರಿಂದ 5 ಸೆಂಟಿಮೀಟರ್ ಆಳವಿದ್ದರೆ ಸಾಕು, ನೀರು ದಿನವೂ ಬದಲಾಗಬೇಕು.

ಇನ್ನು ಫೀಡರ್ ತೂಗುಹಾಕುವ ಜಾಗ. ಬೆಕ್ಕು ಹೊಂಚು ಹಾಕುವಂಥ ಪೊದೆಯಿಂದ 3 ಮೀಟರ್ ಆಚೆಗಿರಲಿ. ಕಿಟಕಿಯ ಲೆಕ್ಕ ಮಾತ್ರ ವಿಚಿತ್ರ: ಗಾಜಿನಿಂದ ಒಂದು ಮೀಟರ್ ಒಳಗೆ, ಇಲ್ಲವೇ 10 ಮೀಟರ್ ಆಚೆ. ತೀರಾ ಹತ್ತಿರವಿದ್ದರೆ ಹಕ್ಕಿಗೆ ವೇಗ ಬರುವಷ್ಟು ದೂರವೇ ಸಿಗದು, ಗಾಜಿಗೆ ತಗುಲಿದರೂ ಪೆಟ್ಟು ಕಡಿಮೆ. ನಡುವಿನ ದೂರದಲ್ಲೇ ಅಪಾಯ ಹೆಚ್ಚು. ಫೀಡರ್ ಸರಿಸಲು ಆಗದಿದ್ದರೆ ಗಾಜಿನ ಹೊರಮೈಗೆ 5 ಸೆಂಟಿಮೀಟರ್ ಅಂತರದಲ್ಲಿ ಚುಕ್ಕಿಗಳನ್ನು ಅಂಟಿಸಿ.