ಮೂರನೇ ತಿಂಗಳ ರಕ್ತಪರೀಕ್ಷೆಯಿಂದ ಪ್ರಿಎಕ್ಲಾಂಪ್ಸಿಯಾ ಮೊದಲೇ ಗೊತ್ತಾಗುತ್ತದಾ?

ಅಪಾಯ ಎಷ್ಟಿದೆ ಅಂತ ಗೊತ್ತಾಗುತ್ತದೆ, ಬಂದೇ ಬರುತ್ತದೆ ಅಂತ ಅಲ್ಲ. ಪ್ರಿಎಕ್ಲಾಂಪ್ಸಿಯಾ ಅಂದರೆ ಬಸುರಿಯರಿಗೆ ಸಾಮಾನ್ಯವಾಗಿ 20 ವಾರದ ನಂತರ ಬಿಪಿ ಏರಿ ಕಿಡ್ನಿ, ಲಿವರ್‌ಗೂ ಪೆಟ್ಟು ಕೊಡುವ ಕಾಯಿಲೆ. ಕಾಣಿಸಿಕೊಳ್ಳುವುದು ತಡವಾಗಿ, ಆದರೆ ಬೇರು ಇರುವುದು ಶುರುವಿನಲ್ಲೇ. ಮಾಸು ಬೆಳೆಯುವಾಗ ಅದರ ಕೋಶಗಳು ಗರ್ಭಕೋಶದ ಸಣ್ಣ ರಕ್ತನಾಳಗಳೊಳಗೆ ಹೊಕ್ಕು ಅವನ್ನು ಅಗಲ ಮಾಡಬೇಕು. ಅಗಲವಾಗದಿದ್ದರೆ ಮಾಸಿಗೆ ರಕ್ತ ಸಾಲುವುದಿಲ್ಲ, ಆಗ ಅದು ತಾಯಿಯ ರಕ್ತಕ್ಕೆ ಬಿಡುವ ಪಿಎಲ್‌ಜಿಎಫ್ ಎಂಬ ಪ್ರೋಟೀನ್ ಕಡಿಮೆಯಾಗುತ್ತದೆ. 11ರಿಂದ 14 ವಾರದೊಳಗೆ ಅಳೆಯುವುದು ಇದನ್ನೇ.

ರಕ್ತ ಒಂದೇ ಸಾಲದು. ಎರಡೂ ತೋಳಿನ ಬಿಪಿ, ಸ್ಕ್ಯಾನ್‌ನಲ್ಲಿ ಗರ್ಭಕೋಶದ ರಕ್ತನಾಳದ ಹರಿವು, ವಯಸ್ಸು, ತೂಕ, ಹಿಂದಿನ ಹೆರಿಗೆ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ, 37 ವಾರಕ್ಕೆ ಮುಂಚೆಯೇ ಹೆರಿಗೆ ಮಾಡಿಸಬೇಕಾಗುವಂಥ ಕೇಸ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಸಿಕ್ಕಿಬೀಳುತ್ತವೆ.

ಸುಮ್ನೆ ಹೆದರಿಸುವ ಟೆಸ್ಟ್ ಅಲ್ಲ ಇದು. ಅಪಾಯ ಜಾಸ್ತಿ ಇದ್ದರೆ 16 ವಾರದೊಳಗೆ ಡಾಕ್ಟರ್ ಆಸ್ಪಿರಿನ್ ಶುರು ಮಾಡುತ್ತಾರೆ. 2017ರ ಆಸ್ಪ್ರೆ ಎಂಬ ಅಧ್ಯಯನದಲ್ಲಿ ಅಪಾಯ ಜಾಸ್ತಿ ಇದ್ದವರ ಪೈಕಿ ರಾತ್ರಿ 150 ಮಿ.ಗ್ರಾಂ ಆಸ್ಪಿರಿನ್ ತೆಗೆದುಕೊಂಡವರಲ್ಲಿ 37 ವಾರಕ್ಕೆ ಮುಂಚಿನ ಇಂಥ ಕೇಸ್ 1.6%, ಔಷಧಿಯಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ 4.3%. ನೀವಾಗೇ ಮಾತ್ರೆ ನುಂಗಬೇಡಿ. ರಿಪೋರ್ಟ್ ಚೆನ್ನಾಗಿ ಬಂದರೂ ಪ್ರತಿ ತಪಾಸಣೆಯಲ್ಲಿ ಬಿಪಿ ನೋಡಿಸಿ, ದಯವಿಟ್ಟು.