ಹತ್ತು ಪಟ್ಟು ಫಾಸ್ಟ್ ಅಂತೆ, ಯಾವ ಲೆಕ್ಕದಲ್ಲಿ?

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಗಂಗಾವತಿ ಸುತ್ತಮುತ್ತಲಿನ ರೈಸ್ ಮಿಲ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಬೇರೊಂದು ಕಂಪನಿಯವರು ತಮ್ಮದು ಅದಕ್ಕಿಂತ ಹತ್ತು ಪಟ್ಟು ಫಾಸ್ಟ್ ಅಂತ ಗ್ರಾಫ್ ಕಳಿಸಿದ್ದಾರೆ. ನಂಬಬಹುದಾ ಸರ್?

ಉತ್ತರ: ಗ್ರಾಫ್ ಸುಳ್ಳೇ ಇರಬೇಕು ಅಂತಿಲ್ಲ. ಆದರೆ ಏನೇನು ಆಫ್ ಮಾಡಿ ಓಡಿಸಿದಿರಿ ಅಂತ ಮೊದಲು ಅವರನ್ನೇ ಕೇಳಿ.

ಸುಗ್ಗಿ ಟೈಮು. ಭತ್ತದ ಲಾರಿ ವೇ ಬ್ರಿಡ್ಜ್ ಮೇಲೆ ನಿಂತಿದೆ. ಹುಡುಗ ಸೇವ್ ಒತ್ತಿದ, ಚೀಟಿ ಬಂತು, ಅಷ್ಟರಲ್ಲಿ ಕರೆಂಟ್ ಹೋಯಿತು. ಆ ತೂಕ ಡಿಸ್ಕ್‌ಗೆ ಇಳಿದಿತ್ತಾ, ಇನ್ನೂ ಕರೆಂಟ್ ಹೋದರೆ ಅಳಿಸಿಹೋಗುವ ರ್‍ಯಾಮ್‌ನಲ್ಲೇ ಇತ್ತಾ? ಪೋಸ್ಟ್‌ಗ್ರೆಸ್ ಮಾಮೂಲಿ ಸೆಟ್ಟಿಂಗ್‌ನಲ್ಲಿ ಡಿಸ್ಕ್‌ಗೆ ಬರೆದ ಮೇಲೇ 'ಆಯ್ತು' ಅನ್ನುತ್ತದೆ. ಬರೆಯುವ ಮೊದಲೇ 'ಆಯ್ತು' ಅನ್ನುವುದಾದರೆ ಯಾವ ಡೇಟಾಬೇಸ್ ಬೇಕಾದರೂ ಓಡುತ್ತದೆ ಬಿಡಿ.

ಇದನ್ನು ಹಿಡಿಯಲು ಸುಲಭ ಲೆಕ್ಕ ಇದೆ. ನಿಮಿಷಕ್ಕೆ 7,200 ಸುತ್ತಿನ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಸಲ ತಿರುಗುತ್ತದೆ. ಒಂದೇ ಕನೆಕ್ಷನ್‌ನಿಂದ ಒಂದಾದ ಮೇಲೊಂದು ಬಿಲ್ ಸೇವ್ ಮಾಡಿದರೆ, ಸೆಕೆಂಡಿಗೆ ಹೆಚ್ಚುಕಡಿಮೆ ಅಷ್ಟೇ ಬಿಲ್ ಡಿಸ್ಕ್ ಮುಟ್ಟುತ್ತವೆ. ಸಾವಿರಗಟ್ಟಲೆ ತೋರಿಸಿದರೆ ನಡುವೆ ಯಾವುದೋ ಕ್ಯಾಶ್ (ಡೇಟಾ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ) ಸುಮ್ನೆ ಹೂಂಗುಟ್ಟಿದೆ ಅಂತಲೇ ಅರ್ಥ. ಎಸ್‌ಎಸ್‌ಡಿಗೆ ತಿರುಗುವ ಡಿಸ್ಕೇ ಇಲ್ಲ, ಈ ಲೆಕ್ಕ ಹೊಂದುವುದಿಲ್ಲ.

ಇನ್ನು, ತಮ್ಮದಕ್ಕೆ ಇರೋ ಬರೋ ರ್‍ಯಾಮ್ ಎಲ್ಲ ಕೊಟ್ಟು, ಎದುರಿನದನ್ನು ಇನ್‌ಸ್ಟಾಲ್ ಮಾಡಿದ ಹಾಗೇ ಓಡಿಸುವುದು ಹಳೇ ಚಾಳಿ. ಪೋಸ್ಟ್‌ಗ್ರೆಸ್‌ನ ಶೇರ್ಡ್ ಬಫರ್ಸ್, ಅಂದರೆ ಡೇಟಾ ಇಟ್ಟುಕೊಳ್ಳಲು ಅದು ಬಳಸುವ ಮೆಮೊರಿ, ಸಾಮಾನ್ಯವಾಗಿ ಬರುವುದೇ 128 ಎಂಬಿಯಲ್ಲಿ. ನಾನೂ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಇಂಡೆಕ್ಸ್ (ಬೇಗ ಹುಡುಕಲು ಮಾಡುವ ಪಟ್ಟಿ) ಹಾಕಿ ರಿಪೋರ್ಟ್ ಎರಡನೇ ಸಲ ಓಡಿಸಿದೆ, ತಟ್ಟನೆ ಬಂತು. ಇಂಡೆಕ್ಸ್ ತೆಗೆದರೂ ಅಷ್ಟೇ ಬೇಗ! ಮೊದಲ ಸಲವೇ ಡೇಟಾ ರ್‍ಯಾಮ್‌ನಲ್ಲಿ ಬಂದು ಕೂತಿತ್ತು.

1988ರಲ್ಲಿ ಶುರುವಾದ ಡೇಟಾಬೇಸ್ ವೇಗದ ಪರೀಕ್ಷೆಗಳನ್ನು ರೂಪಿಸುವ ಟಿಪಿಸಿ ಅನ್ನುವ ಸಂಸ್ಥೆಯ ಟಿಪಿಸಿ-ಸಿ ಪರೀಕ್ಷೆಯಲ್ಲಿ ಹೊರಗಿನ ಆಡಿಟರ್ ಬೇಕು, ಸೆಟ್ಟಿಂಗ್ ಎಲ್ಲ ಬಿಚ್ಚಿಡಬೇಕು, ಬೆಲೆಯನ್ನೂ ಹೇಳಬೇಕು. ಅಷ್ಟು ಕಟ್ಟುನಿಟ್ಟು ಇದ್ದರೆ ನನಗೂ ಸಮಾಧಾನ. ಉಲ್ಟಾ ಕೂಡ ಇದೆ: ತಮ್ಮ ಒಪ್ಪಿಗೆ ಇಲ್ಲದೆ ಇಂಥ ವೇಗದ ಪರೀಕ್ಷೆಯ ಫಲಿತಾಂಶ, ಅಂದರೆ ಬೆಂಚ್‌ಮಾರ್ಕ್ ಪ್ರಕಟಿಸಬಾರದು ಅಂತ ಲೈಸೆನ್ಸ್‌ನಲ್ಲೇ ಬರೆಯುವ ಕಂಪನಿಗಳು. ಆ ಷರತ್ತಿಗೆ ಡೇಟಾಬೇಸ್ ಸಂಶೋಧಕ ಡೇವಿಡ್ ಡೆವಿಟ್ ದೆಸೆಯಿಂದ ಡೆವಿಟ್ ಕ್ಲಾಸ್ ಅಂತ ಹೆಸರೇ ಬಿದ್ದಿದೆ.

ಹೋದ ಸುಗ್ಗಿಯ ಡೇಟಾ ಎರಡಕ್ಕೂ ತುಂಬಿ, ಒಂದೇ ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಿ. ಸರಾಸರಿ ಬಿಡಿ, ನೂರು ಬಿಲ್‌ನಲ್ಲಿ ತೀರಾ ನಿಧಾನದ್ದು ಎಷ್ಟು ಹೊತ್ತು ತಗೊಂಡಿತು ಅಂತ ಬರೆದಿಟ್ಟುಕೊಳ್ಳಿ. ಲಾರಿ ಡ್ರೈವರ್ ಬೈಯೋದು ಅದಕ್ಕೇ ಅಲ್ವಾ? ಆಮೇಲೆ ಬಿಲ್ ಸೇವ್ ಆಗುತ್ತಿರುವಾಗಲೇ ಪ್ಲಗ್ ಕಿತ್ತುಬಿಡಿ, ಮಿಲ್‌ನ ಮಷಿನ್‌ದಲ್ಲ ಮತ್ತೆ, ಟೆಸ್ಟಿಂಗ್‌ಗೆ ಇಟ್ಟದ್ದು. ಪುನಃ ಚಾಲೂ ಮಾಡಿ, ಕೊನೆಯ ಚೀಟಿಯ ನಂಬರ್ ಒಳಗಿದೆಯಾ ಹುಡುಕಿ.